ಉಪ್ಪು ಬೆರೆಸಿದ ಐಸು

ಬಾಡಿಗೆ ಕೋಣೆ ತೋರಿಸುವ ಮೊದಲು ಗಿರಿಜಕ್ಕ ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗಿಂದ ದೊಡ್ಡದೊಂದು ಮೀನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಬೀದರಿನಲ್ಲಿ ಬೆಳೆದ ನಾನು ಗಾಬರಿಯಿಂದ ಹಿಂದೆ ಸರಿದೆ.

"ಹೆದ್ರೂದೆಂತಕೆ ತಂಗೀ, ಸತ್ತ ಮೀನಲ್ವಾ ಅದು" ಎಂದಳು.

ಅವಳ ಮನೆಯಿದ್ದ ಅಂಕೋಲಾ ಕಡೆಯ ಪುನರ್ವಸತಿ ಕಾಲೊನಿಯಿಂದ ಕಾರವಾರದ ಪ್ರಯೋಗಾಲಯಕ್ಕೆ ದಿನವೂ ಬಸ್ಸು. ನಮ್ಮಲ್ಲಿ ಮೈಮೇಲಿನ ಬೆವರೂ ನಿಲ್ಲದೆ ಒಣಗುತ್ತದೆ, ಅಲ್ಲಿ ಹಗ್ಗದ ಮೇಲಿನ ಬಟ್ಟೆಯೂ ಒಣಗುವುದಿಲ್ಲ. ಬೆಳಿಗ್ಗೆ ರೊಟ್ಟಿಯಿಲ್ಲ, ಪೇಜ್, ಅಂದರೆ ಕುಚ್ಚಲಕ್ಕಿ ಗಂಜಿ. ಮೊದಲು ಮೂಗು ಮುರಿದೆ, ಆಮೇಲೆ ಎರಡನೇ ಸಲ ಬಡಿಸಿಕೊಳ್ಳತೊಡಗಿದೆ.

ಗಿರಿಜಕ್ಕನ ಹಳೆಯ ಮನೆ ಆ ಬಸ್ಸಿನ ದಾರಿಯಲ್ಲೇ, ಅರ್ಗಾದಲ್ಲಿತ್ತು. ಆ ಜಾಗ ನೌಕಾನೆಲೆಗೆ ಹೋಗಿ ಸುತ್ತ ಗೋಡೆ ಎದ್ದಿತು. ಮೀನು ಮಾರಲು ಕಾರವಾರಕ್ಕೆ ಬರುವಾಗ ಅವಳು ಯಾವಾಗಲೂ ಗುಡ್ಡದ ಬದಿಯ ಸೀಟಿನಲ್ಲೇ ಕೂರುತ್ತಿದ್ದಳು. ಕಾರಣ ಕೇಳಿದರೆ, "ಕಡಲ ಬದಿ ಗೋಡೆ ಬತ್ತದೆ" ಎಂದಷ್ಟೇ ಹೇಳಿದಳು.

ನಾನು ಬಂದದ್ದು ಬಳಚು ಎಂಬ ಚಿಪ್ಪುಮೀನಿನ ಮೇಲೆ ಸಂಶೋಧನೆ ಮಾಡಲು. ಜೀವಕೋಶದ ಹೊರಪೊರೆಯನ್ನು ಒಳಗಿನ ಹಂದರಕ್ಕೆ ಕಟ್ಟಿ ಹಿಡಿಯುವ ಎಜ್ರಿನ್ ಎಂಬ ಪ್ರೋಟೀನಿದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ನನ್ನ ಮಾರ್ಗದರ್ಶಕರು ಪುಟ್ಟ ಕುಪ್ಪಿಯಲ್ಲಿ ಕೊಟ್ಟಿದ್ದರು. ಬಣ್ಣ ಸೇರಿಸಿದರೆ ಎಜ್ರಿನ್ ಇರುವಲ್ಲೆಲ್ಲ ಹಸಿರು ಹೊಳೆಯಬೇಕು. ಇದ್ದದ್ದು ಅದೊಂದೇ ಕುಪ್ಪಿ, ಅದಿಲ್ಲದೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ತಂಪಾಗಿಡಬೇಕು, ಆದರೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಪ್ರಯೋಗಾಲಯದ ಫ್ರಿಜ್ ಕೆಟ್ಟಿತು. ಕುಪ್ಪಿಯನ್ನು ಐಸು ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಗಿರಿಜಕ್ಕನಿಗೆ, "ಇದು ಬಿಸಿಯಾದರೆ ನಾನು ಊರಿಗೆ ವಾಪಸ್ಸೇ, ನೋಡಿಕೋ" ಎಂದು ಹೇಳಿ ಬಳಚು ತರಲು ಶೆಟಗೇರಿ ಕಡೆ ಹೋದೆ.

ಮರಳಿ ಬಂದಾಗ ಅವಳ ಮುಖ ಅರಳಿತ್ತು.

"ಬರ್ಪು ಕರಗ್ತಾ ಬಂದಿತ್ತು ತಂಗೀ. ಬೇರೆ ಹಾಕ್ದೆ. ಮೇಲಿಂದ ಉಪ್ಪು ಬೆರ್ಸಿ ಕುಪ್ಪಿ ಅಡಿಗೆ ಹುಗ್ದಿಟ್ಟೆ. ಮೀನಿಗೆ ಹಂಗೇ ಮಾಡೂದು ನಾವು. ಇನ್ನು ನಾಳಿಗೂ ಎಂತಾ ಆಗೂದಿಲ್ಲ."

ಉಪ್ಪು ಬೆರೆತ ಐಸು ಬರೀ ಐಸಿಗಿಂತ ತಂಪು. ಕುಪ್ಪಿಯೊಳಗಿನದು ಕಲ್ಲಾಗಿತ್ತು. ಇಡೀ ದಿನ ಡಬ್ಬಿಯ ಪಕ್ಕದಲ್ಲಿ ಕೂತು ಕಾಯ್ದವಳ ಮೇಲೆ ಹೇಗೆ ಸಿಟ್ಟಾಗುವುದು? ಆದರೂ ಸಿಟ್ಟು ಬಂದಿತ್ತು. ಎಲ್ಲಿ ಇಳಿಸುವುದೆಂದು ಗೊತ್ತಾಗಲಿಲ್ಲ.

ಕರಗಿಸಿ ಪರೀಕ್ಷಿಸಿದೆ. ಸೂಕ್ಷ್ಮದರ್ಶಕದಲ್ಲಿ ಬರೀ ಕತ್ತಲೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಮಾರ್ಗದರ್ಶಕರು, "ಇನ್ನೊಂದು ಕುಪ್ಪಿ ಇಲ್ಲಮ್ಮ, ಬಂದುಬಿಡು" ಎಂದರು.

"ಕೆಲ್ಸ ಆಯ್ತೇ?" ಗಿರಿಜಕ್ಕ ಕೇಳಿದಳು.

"ಆಯ್ತಕ್ಕ. ಅದಕ್ಕೇ ಹೊರಟೆ."

"ಉಪ್ಪು ಹಾಕಿದ್ದು ಚಲೋ ಆಯ್ತು ನೋಡು" ಎಂದು, ಮೀನು ಮುಟ್ಟದ ನನ್ನ ಅವ್ವನಿಗೆ ಒಣಮೀನು ಕಟ್ಟಿಕೊಟ್ಟಳು.

ಪ್ರಯೋಗಾಲಯದ ಸಾಮಾನು ಒಪ್ಪಿಸಿ, ಕಾರವಾರದಲ್ಲೇ ಅರ್ಗಾ ದಾಟಿ ಹೋಗುವ ಹುಬ್ಬಳ್ಳಿ ಬಸ್ಸು ಹತ್ತಿದೆ. ಊರಿಗೆ ಹೊರಟಿದ್ದೇನೋ, ಊರು ಬಿಟ್ಟು ಹೊರಟಿದ್ದೇನೋ ನನಗೇ ತಿಳಿಯಲಿಲ್ಲ. ಕಡಲ ಬದಿಯ ಕಿಟಕಿ ಖಾಲಿಯಿತ್ತು. ನಾನು ಗುಡ್ಡದ ಬದಿ ಹೋಗಿ ಕೂತೆ.