ಎತ್ತಬಾರದ ಫೋನು

ಹೊಳೆಮಣ್ಣೂರಿನ ಹೊಳಿ ಓಣಿಯಲ್ಲಿ ಫೋನು ರಿಂಗಾದರೆ ಯಾರೂ ಎತ್ತುವುದಿಲ್ಲ. ಎತ್ತಿದವರಿಗೆ ಬೈಗುಳ ಗ್ಯಾರಂಟಿ.

ಫೋನು ಇರುವುದು ಮುದುಕವ್ವನ ಮನೆಯಲ್ಲಿ. ಅದರ ಗಂಟೆ ಮಾತ್ರ ಹೊರಗೆ, ಸೂರಿನ ಕೆಳಗೆ, ಊಟದ ತಾಟಿನಷ್ಟು ಅಗಲ. ಮಲಪ್ರಭೆಯ ಮೇಲ್ದಂಡೆಯ ಸೇತುವೆಯೊಂದರ ಹತ್ತಿರ ಅಳತೆಗೋಲು ನೋಡಿ ನೀರಿನ ಮಟ್ಟ ಬರೆದುಕೊಳ್ಳುವ ಕಳಕಪ್ಪ ಅಲ್ಲಿಂದ ಫೋನು ಮಾಡುತ್ತಾನೆ. ಮೂರು ಸಲ ಹೊಡೆದು ನಿಂತರೆ ದಂಡೆಯ ಪಂಪು, ದನ ಮೇಲಕ್ಕೆ ತರಬೇಕು. ಉದ್ದಕ್ಕೆ ಹೊಡೆದು ಒಂದು ನಿಮಿಷದ ಮೇಲೆ ತಾನಾಗಿ ನಿಂತರೆ ಮನೆ ಬಿಟ್ಟು ದಿನ್ನೆಯ ಮೇಲಿನ ಶಾಲೆಗೆ ಹತ್ತಬೇಕು. ನಡುವೆ ಯಾರಾದರೂ ಎತ್ತಿದರೆ ಗಂಟೆ ನಿಲ್ಲುತ್ತದೆ, ಹೊಲದಲ್ಲಿದ್ದವರಿಗೆ ಕೇಳುವುದಿಲ್ಲ. ಅದಕ್ಕೇ ಎತ್ತಬಾರದು.

ಈ ಕಟ್ಟಳೆ ಮಾಡಿಕೊಟ್ಟವನು ರೋಣದ ದಾದಾಪೀರ. ಮುಚ್ಚಿದ ಟೆಲಿಫೋನ್ ಎಕ್ಸ್‌ಚೇಂಜೊಂದರ ಗುಜರಿಯಿಂದ ಗಂಟೆ ತಂದು ಸೂರಿಗೆ ಬಿಗಿದವನೂ ಅವನೇ. ಇಪ್ಪತ್ತೆಂಟು ವರ್ಷ ಆತ ಲೈನ್‌ಮನ್. ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾವ ಕಂಬ ಯಾವ ದಿಕ್ಕಿಗೆ ವಾಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ನರೇಗಲ್ಲಿನ ಹತ್ತಿರ ಕಂಬದಿಂದ ಬಿದ್ದು ಎಡಗಾಲು ಮುರಿದುಕೊಂಡಾಗಲೂ ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ, ಗುತ್ತಿಗೆಯವನು. ಕೊನೆಗೆ ತಾಮ್ರದ ತಂತಿ ಸುತ್ತಿಕೊಂಡು ಹೋದವರು, ಆ ತಂತಿಯ ತುದಿಗೆ ಯಾರಿದ್ದಾರೆ ಎಂದು ಒಮ್ಮೆ ತಿರುಗಿಯೂ ನೋಡಲಿಲ್ಲ. ಅಭಿವೃದ್ಧಿ ಎಂದರೆ ಕೆಲವರಿಗೆ ಹಿಂಗೇ: ಕಿತ್ತುಕೊಳ್ಳುವಾಗ ಲಾರಿ ಬರುತ್ತದೆ, ಕೊಡುವಾಗ ಪೋಸ್ಟಿನಲ್ಲಿ ಒಂದು ಡಬ್ಬಿ ಬರುತ್ತದೆ.

ಡಬ್ಬಿ ಬಂತು. ಅಂಗೈಯಗಲದ್ದು. ಒಂದು ತೂತಿಗೆ ಇಂಟರ್‌ನೆಟ್ಟಿನ ತಂತಿ, ಇನ್ನೊಂದಕ್ಕೆ ಹಳೆಯ ಫೋನು. ಕರೆಂಟು ಹೋದರೆ ಇರಲೆಂದು ಪಕ್ಕಕ್ಕೊಂದು ಬ್ಯಾಟರಿ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ದಾದಾಪೀರನಿಗೆ ಪಂಚಾಯ್ತಿಯಿಂದ ಕರೆ ಹೋಯಿತು. ಮೊಬೈಲಿನಲ್ಲೇ ಡಬ್ಬಿಯ ಪುಟ ತೆರೆದು, ಫೋನು ಕಂಪನಿ ಕೊಟ್ಟ ಸರ್ವರಿನ ವಿಳಾಸ, ನಂಬರು, ಪಾಸ್‌ವರ್ಡು ಒಂದೊಂದೇ ಅಕ್ಷರ ಕುಟ್ಟಿದ. ಕೆಂಪು ದೀಪ ಹಸಿರಾಯಿತು. ಆದರೆ ಮೊಬೈಲಿನಿಂದ ಹಚ್ಚಿ ನೋಡಿದರೆ ಗಂಟೆ ಹೊಡೆಯಲಿಲ್ಲ, ದುಂಬಿಯ ಹಾಗೆ ಗುಂಯ್ ಎಂದಿತು.

"ಇದಕ್ಕೇನ ನೆಗಡಿ ಬಂದೈತೇನೋ?" ಎಂದಳು ಮುದುಕವ್ವ.

ದಾದಾಪೀರ ಪುಟದ ಕೆಳಗೆ ಕೆಳಗೆ ಹೋಗಿ ನೋಡಿದ. ಗಂಟೆಗೆ ಹೋಗುವ ಕರೆಂಟು ಸೆಕೆಂಡಿಗೆ ಇಪ್ಪತ್ತು ಸಲ ಮಿಡಿಯಲಿ ಎಂದಿತ್ತು. ಹಳೆಯ ಎಕ್ಸ್‌ಚೇಂಜು ಕೊಡುತ್ತಿದ್ದದ್ದು ಇಪ್ಪತ್ತೈದು, ಅದು ಅವನ ಕೈಬೆರಳಿಗೆ ನೆನಪಿತ್ತು. ಬದಲಿಸಿದ, ವೋಲ್ಟೇಜೂ ಏರಿಸಿದ. ಈ ಸಲ ಗಂಟೆ ಎಂಥಾ ಹೊಡೆತ ಹೊಡೆಯಿತೆಂದರೆ ಎದುರಿನ ಎಮ್ಮೆ ಹಗ್ಗ ಜಗ್ಗಿತು. ಎರಡು ರಿಂಗಿಗೇ ದಾದಾಪೀರ ರಿಸೀವರ್ ಎತ್ತಿ, "ಹಲೋ, ಟೆಸ್ಟಿಂಗ್, ಓಕೆ" ಎಂದು ಇಟ್ಟ.

"ಎತ್ತಬ್ಯಾಡಾ ಅಂದಾಂವ ನೀನ, ಈಗ ಎತ್ತಾಂವನೂ ನೀನ!"

"ಟೆಸ್ಟ ಯವ್ವಾ, ಟೆಸ್ಟ."

ಇಪ್ಪತ್ತೆಂಟು ವರ್ಷ ಅವನು ಟೆಸ್ಟ್ ಮಾಡಿದ್ದೇ ಹೀಗೆ. ಹೊಡೆಯಿತು, ಎತ್ತಿದ, ಧ್ವನಿ ಬಂತು, ಮುಗಿಯಿತು. ಎತ್ತದೆ ಬಿಟ್ಟರೆ ಏನಾಗುತ್ತದೆ ಎಂದು ಅವನು ನೋಡಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಮೂರಕ್ಕೆ ಕಳಕಪ್ಪನ ಫೋನು ಬಂತು. ಹೊರಗೆ ಮಳೆ ಹಿಡಿದುಕೊಂಡಿತ್ತು. ಅಂಗಡಿಯಲ್ಲಿ ದಾದಾಪೀರ, ಅವನಿಗೆ ಬುತ್ತಿ ತಂದಿದ್ದ ಹೆಂಡತಿ ಚಮನಬಿ, ಇಬ್ಬರೇ.

"ದಾದಾಪೀರಣ್ಣಾ, ಡಬ್ಬಿ ಭಾಳ ಚಲೋ ಕುಂಡ್ರಿಸಿದಿ ನೋಡಪಾ. ಈಗ ಹೆಣ್ಮಗಳೊಬ್ಬಾಕಿ ಎತ್ತತಾಳ."

"ಯಾವ ಹೆಣ್ಮಗಳು?"

"ನನಗೇನ ಗೊತ್ತು? ನಾಕ ರಿಂಗಿಗೆ ಎತ್ತಿದ್ಲು. ಮೆತ್ತಗ, ಮರ್ಯಾದಿಲೇ ಮಾತಾಡಿದ್ಲು. ನಮ್ಮ ಕಡಿಯಾಕಿ ಅಲ್ಲ ಬಿಡು. ಬೀಪ್ ಆದ ಮ್ಯಾಲೆ ಹೇಳ್ರಿ ಅಂದ್ಲು. ಹೇಳಿದೆ: ಮ್ಯಾಲಿಂದ ಭಾಳ ನೀರ ಬಿಟ್ಟಾರ, ಮೂರ ತಾಸಿನ್ಯಾಗ ಓಣಿಗೆ ಬರ್ತೈತಿ, ಎಲ್ಲಾರ್ನೂ ಸಾಲಿಗೆ ಹತ್ತಸವ್ವಾ ಅಂತ."

ದಾದಾಪೀರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಪಕ್ಕಕ್ಕಿಟ್ಟ.

"ಯಾವಾಗ ಮಾಡಿದ್ದಿ?"

"ಒಂದಕ್ಕ. ಎರಡ ತಾಸಾತು. ಯಾಕಪಾ?"

ಯಾಕೆಂದರೆ ಅದು ಹೆಣ್ಣುಮಗಳಲ್ಲ. ಎಲ್ಲಿಯೋ ಒಂದು ತಣ್ಣನೆಯ ಕೋಣೆಯಲ್ಲಿ ಕೂತವನೊಬ್ಬ, ಇಪ್ಪತ್ತು ಸೆಕೆಂಡು ಎತ್ತದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸಿ, ರೆಕಾರ್ಡು ಮಾಡಿದ ಧ್ವನಿಯೊಂದನ್ನು ಎಲ್ಲರ ನಂಬರಿಗೂ ಕಟ್ಟಿ ಕೂರಿಸಿದ್ದ. ಎತ್ತದೆ ಇರುವುದರಿಂದಲೇ ಬದುಕುವ ಓಣಿಯೊಂದಿದೆ ಎಂದು ಅವನಿಗೆ ಯಾರು ಹೇಳಬೇಕು? ಕಳಕಪ್ಪನ ಎಚ್ಚರಿಕೆ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಾಲ್ಕೇ ರಿಂಗು ಕೇಳಿದ ಓಣಿ, ಪಂಪು ಎತ್ತಿಟ್ಟು ಮತ್ತೆ ತನ್ನ ಕೆಲಸಕ್ಕೆ ಹೋಗಿರಬೇಕು.

ಓಣಿಯ ಉಮೇಶನ ಮೊಬೈಲಿಗೆ ಹಚ್ಚಿದ. ಸಂಪರ್ಕದಲ್ಲಿಲ್ಲ. ಕರೆಂಟು ಹೋದರೆ ಆ ಊರಿನ ಟವರು ಮೊದಲು ಸಾಯುತ್ತದೆ. ಗಾಡಿ ಹೊಡೆಯೋಣವೆಂದರೆ ಮುಂಜಾನೆಯಿಂದಲೇ ದಾರಿಯ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು.

"ಕಂಬದಿಂದ ಬಿದ್ದಾಗೂ ನೀವು ಹಿಂಗ ಹೆದರಲಿಲ್ಲಲ್ರೀ," ಎಂದಳು ಚಮನಬಿ.

"ಅವತ್ತ ಬಿದ್ದಾಂವ ನಾ ಒಬ್ಬನ. ಆ ಚೀಟಿ ತಗಿ, ಪಾಸ್‌ವರ್ಡ ಓದು. ಲಗೂ!"

ಅಂಗಡಿಯ ಕಂಪ್ಯೂಟರಿನಲ್ಲಿ ಕಂಪನಿಯ ಪುಟ ತೆರೆದ. ಎರಡು ಸಲ ಪಾಸ್‌ವರ್ಡು ತಪ್ಪಾಯಿತು. ಮೂರನೆಯ ಸಲ ಅವನ ಬೆರಳನ್ನು ಚಮನಬಿಯೇ ಹಿಡಿದು ಅಕ್ಷರ ತೋರಿಸಿದಳು. ಒಳಗೆ ಹೋದ. ಆ ಮೆತ್ತಗಿನ ಹೆಣ್ಣು ಧ್ವನಿಯನ್ನು ತೆಗೆದುಹಾಕಿದ. ಎಷ್ಟು ಹೊತ್ತು ರಿಂಗಾಗಬೇಕು ಎಂಬಲ್ಲಿ ಎಷ್ಟು ದೊಡ್ಡದು ಹಿಡಿಯುತ್ತದೋ ಅಷ್ಟು ತುಂಬಿದ: ಹತ್ತು ನಿಮಿಷ. ಉಳಿಸಿ, ಫೋನು ಹಚ್ಚಿದ.

ಕಿವಿಯಲ್ಲಿ ರಿಂಗು ಕೇಳತೊಡಗಿತು. ಆದರೆ ಅದು ಅಲ್ಲಿಯ ಗಂಟೆಯಲ್ಲ, ಕಂಪನಿಯ ಯಂತ್ರ ಸಮಾಧಾನಕ್ಕೆ ಕೊಡುವ ಸದ್ದು. ಅದು ಲೈನ್‌ಮನ್ನನಿಗೆ ಗೊತ್ತಿಲ್ಲದ್ದೇನಲ್ಲ. ಗಂಟೆ ಹೊಡೆಯುತ್ತಿದೆಯೋ, ದುಂಬಿಯಂತೆ ಗುಂಯ್‌ಗುಡುತ್ತಿದೆಯೋ, ಓಣಿ ಕೇಳಿತೋ ಇಲ್ಲವೋ?

"ನಿಲ್ಲಸ್ರಿ, ಕೇಳಿಸಿರತೈತಿ."

"ಹ್ಯಾಂಗ ತಿಳೀಬೇಕ? ಎತ್ತಿದ್ರ ತಿಳೀತೈತಿ. ಅವರು ಎತ್ತೂದಿಲ್ಲ. ಎತ್ತಬ್ಯಾಡ್ರಿ ಅಂತ ಕಲಿಸಿದಾಂವ ನಾನ!"

ಹತ್ತು ನಿಮಿಷ ಮುಗಿದು ಕಟ್ಟಾಯಿತು. ಉಸಿರು ಬಿಡದೆ ಮತ್ತೆ ಹಚ್ಚಿದ. ಮತ್ತೆ ಹತ್ತು ನಿಮಿಷ. ಮತ್ತೆ. ಗೋಡೆಯ ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು. ಬಿಟ್ಟರೆ ಏನೋ ಆಗಿಬಿಡುತ್ತದೆ ಎಂಬಂತೆ ಅವನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಓಣಿಯ ಮನೆಗಳನ್ನು ಒಂದೊಂದಾಗಿ ನೆನೆದ: ಮೂಲೆಯ ಕುಂಟ ಇಮಾಮಸಾಬ, ಹಿಂದಿನ ವಾರ ಬಾಣಂತನಕ್ಕೆ ಬಂದಿದ್ದ ನೀಲಾ. ನಾಲ್ಕನೆಯ ಸಲದ ನಡುವೆ ರಿಂಗು ನಿಂತಿತು.

ಯಾರೋ ಎತ್ತಿದ್ದರು.

"ಯಾವನೋ ಅಂವಾ? ಬಿಡೋ ಇನ್ನ, ಎಷ್ಟ ಬಾರಸ್ತಿ!"

"ಯವ್ವಾ! ನಾ ದಾದಾಪೀರ. ಕೇಳ್ತಿಲ್ಲೋ? ಓಣಿ ಖಾಲಿ ಮಾಡ್ರಿ!"

"ಓಣಿ ಯಾವಾಗೋ ಖಾಲಿ ಆತು. ನಾ ಒಬ್ಬಾಕಿ ಅದೀನಿ. ನೀರ ಮೆಟ್ಟಲಕ್ಕ ಬಂದೈತಿ."

ದಾದಾಪೀರನಿಗೆ ಅರ್ಥವಾಗಲಿಲ್ಲ. "ನೀ ಯಾಕ ಅದೀ?"

"ಗಂಟಿ ನಿಂದ್ರುತನಾ ಗಂಟಿ ಕಾಯಾಕಿ ಹೋಗಬಾರ್ದಲ್ಲೋ. ಹೊಲದಿಂದ ಓಡಿ ಬಂದವರು ಸಣ್ಣ ಗಂಟ್ಯೋ ಉದ್ದ ಗಂಟ್ಯೋ ಅಂತ ಕೇಳ್ತಾರ. ಹೇಳಾಕ ಒಬ್ರ ಬೇಕ. ಮೊದಲ ಅದು ಒಂದ ನಿಮಿಷಕ್ಕ ತಾನ ನಿಂದರ್ತಿತ್ತು, ನಾನೂ ಹೊಂಟಬಿಡ್ತಿದ್ದೆ. ಇವತ್ತ ನಿಂತ್ತು ಅಂತ ಏಳತೀನಿ, ಮತ್ತ ಹೊಡಕೋತೈತಿ. ನಿಂತ್ತು ಅಂತ ಏಳತೀನಿ, ಮತ್ತ ಹೊಡಕೋತೈತಿ. ತಡಕೊಳ್ಳಾಕಾಗದ ಎತ್ತಿದೆ, ಪಾಪ ಬಂತೋ ಏನೋ."

ಗಂಟೆ ಕಟ್ಟಿದವನಿಗೆ ಗಂಟೆಯ ಈ ಅರ್ಧ ಗೊತ್ತೇ ಇರಲಿಲ್ಲ. ಅದನ್ನು ಅವನು ಮಾಡಿದ್ದಲ್ಲ. ಮುದುಕವ್ವ ತಾನೇ ತನ್ನ ಮೇಲೆ ಹಾಕಿಕೊಂಡ ಕಟ್ಟಳೆ. ಅಂದರೆ ಈ ಅರ್ಧ ತಾಸಿಗೂ ಮೇಲೆ ಅವಳನ್ನು ನೀರಿನ ಬಾಯಲ್ಲಿ ಕಟ್ಟಿಹಾಕಿದ್ದು ಹೊಳೆಯಲ್ಲ, ಅವನ ಹೆದರಿಕೆ.

"ಓಡ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ!"

"ನೀ ಇಟ್ರ ಹೋಗ್ತೀನಿ."

ಇಟ್ಟ. ಇಟ್ಟು ಮೊಬೈಲನ್ನು ಚಮನಬಿಯ ಕೈಗೆ ಕೊಟ್ಟ.

ಆಮೇಲಿನ ಹೊತ್ತು ದೊಡ್ಡದು. ಮುಟ್ಟಿದಳೋ ಇಲ್ಲವೋ ತಿಳಿಯಬೇಕು. ತಿಳಿಯಲು ಇದ್ದದ್ದು ಅದೊಂದೇ ನಂಬರು, ಅದನ್ನೇ ಒತ್ತುವ ಹಾಗಿರಲಿಲ್ಲ. ಒಂದು ರಿಂಗು ಹೋದರೂ ಅವಳು ಮೊಳಕಾಲು ನೀರಿನಲ್ಲಿ ತಿರುಗಿ ಬಂದಾಳು, ಅಂಥ ಹೆಂಗಸು. ದಾದಾಪೀರ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕಳಕಪ್ಪ ಮತ್ತೆ ಹಚ್ಚಿಬಿಟ್ಟಾನೆಂದು ಅವನಿಗೆ ಚಮನಬಿಯ ಮೊಬೈಲಿನಿಂದ ಹೇಳಿಸಿದ: ಬ್ಯಾಡ, ಮುಟ್ಟಬ್ಯಾಡ. ಬುತ್ತಿ ಬಿಚ್ಚಿದ್ದು ಹಾಗೆಯೇ ಇತ್ತು.

ಐದೂ ಇಪ್ಪತ್ತಕ್ಕೆ ಉಮೇಶನ ಹೆಸರು ಮೂಡಿತು. ದಿನ್ನೆಯ ಶಾಲೆಯ ಮಾಳಿಗೆ ಹತ್ತಿದರೆ ಬೇರೆ ಊರಿನ ಟವರು ಸಿಗುತ್ತಂತೆ.

"ಅಣ್ಣಾ, ಎಲ್ಲಾರೂ ಅದೀವಿ. ಮುದುಕವ್ವನ ಹೊತಗೊಂಡ ಬಂದೀನಿ, ಬೈಯಾಕತ್ತಾಳ. ಕೊಡ್ಲೇನು?"

ಕೊಡುವ ಮೊದಲೇ ಅವಳ ಧ್ವನಿ ಬಂತು. "ದಾದಾಪೀರಾ, ಮೊದಲಿನಂಗ ತಾನ ನಿಂದ್ರುವಂಗ ಮಾಡಿ ಕೊಡಪಾ. ನಿಲ್ಲಲಾರದ ಗಂಟಿ ನಮಗ ಬ್ಯಾಡ."

ಆ ಡಬ್ಬಿ ಹೊಳೆಗೆ ಹೋಯಿತು, ಬ್ಯಾಟರಿಯೂ ಹೋಯಿತು. ಗಂಟೆ ಮಾತ್ರ ಕೆಸರು ಮೆತ್ತಿಕೊಂಡು ಸೂರಿನಲ್ಲೇ ಉಳಿಯಿತು. ಕಂಪನಿಯಿಂದ ಹೊಸ ಡಬ್ಬಿ ಬಂದಾಗ ಅದರಲ್ಲಿ ಅದೇ ಇಪ್ಪತ್ತು ಸೆಕೆಂಡು, ಅದೇ ಮೆತ್ತಗಿನ ಧ್ವನಿ. ಕಾಗದ ಬರೆದರೆ ಉತ್ತರವಿಲ್ಲ. ಅವರೂ ಎತ್ತುವುದಿಲ್ಲ, ಅವರಿಗೆ ಮಾತ್ರ ಅದರಿಂದ ಏನೂ ಮುಳುಗುವುದಿಲ್ಲ.

ದಾದಾಪೀರ ಅವೆರಡನ್ನೂ ತೆಗೆದು, ಹಳೆಯ ಎಕ್ಸ್‌ಚೇಂಜಿನ ಲೆಕ್ಕದಂತೆ ಎಪ್ಪತ್ತೈದು ಸೆಕೆಂಡು ಎಂದು ಬರೆದ. ತನ್ನ ಮೊಬೈಲಿನಿಂದ ಹಚ್ಚಿ, ಮುದುಕವ್ವನ ಪಕ್ಕ ಕಟ್ಟೆಯ ಮೇಲೆ ಕೂತ. ಗಂಟೆ ಹೊಡೆಯತೊಡಗಿತು. ಎರಡನೆಯ ರಿಂಗಿಗೆ ಅವನ ಬಲಗೈ ತಾನಾಗಿ ಎದ್ದಿತು. ಮುದುಕವ್ವ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ಇಬ್ಬರೂ ಗಂಟೆಯನ್ನು ನೋಡುತ್ತ, ಬಾಯಿಯೊಳಗೇ ಎಣಿಸುತ್ತ, ಅದು ನಿಲ್ಲುವವರೆಗೆ ಅಲ್ಲಾಡದೆ ಕೂತರು.