ಟ್ರೌಟ್ ಹೊಳೆಗೆ ಹೊರಟವರು

ಊರಿನ ಅರ್ಧದಷ್ಟು ಲಿಫ್ಟುಗಳ ರಿಪೇರಿ ಅವನ ಕೈಯಲ್ಲೇ ಆಗುತ್ತಿತ್ತು. ಆದರೆ ಅವನ ಸ್ವಂತ ಅಕ್ಕನ ಮನೆ ಇದ್ದ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಮನೆ ಮೂರನೆಯ ಮಹಡಿಯಲ್ಲಿ. ಭಾನುವಾರ ಮಧ್ಯಾಹ್ನ ಆ ಮೆಟ್ಟಿಲು ಹತ್ತುವಾಗ, ವಾರವಿಡೀ ಊರವರಿಗೆಲ್ಲ ಮೆಟ್ಟಿಲು ತಪ್ಪಿಸಿದವನಿಗೆ ಕೊನೆಗೆ ಇದೇ ಗತಿಯಾ ಎಂದು ಅವನ ಮಂಡಿಗಳು ಗೊಣಗುತ್ತಿದ್ದವು. ಕಬ್ಬಿಣದ ಏಣಿ ಹತ್ತಿ, ಲಿಫ್ಟಿನ ಮೋಟಾರಿರುವ ಮಷಿನ್ ರೂಮಿನಲ್ಲಿ ಗ್ರೀಸ್ ಮೆತ್ತಿದ ಉಕ್ಕಿನ ಹಗ್ಗಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂತು ಸವೆದ ಮಂಡಿಗಳು ಅವು.

ಬಾಗಿಲು ತೆರೆದೇ ಇರುತ್ತಿತ್ತು. ಒಳಗಿಂದ ಭಾವ, "ಲಿಫ್ಟು... ಬಂತು," ಎನ್ನುತ್ತಿದ್ದರು. ಆ ಅಡ್ಡಹೆಸರು ಇಟ್ಟವರೂ ಅವರೇ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅವರ ಮಾತು ಒಂದೊಂದಾಗಿ, ತಡವಾಗಿ ಹೊರಡುತ್ತಿತ್ತು. ಹಾಗಾಗಿ ಉದ್ದದ ಮಾತನ್ನೆಲ್ಲ ಕೈಬಿಟ್ಟು, ತಮಾಷೆಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡಿದ್ದರು.

ಭಾವ ಹಿಂದೆ ಹೊಳೆಗಳ ನೀರಿನ ಮಟ್ಟ ಅಳೆಯುವ ಕೆಲಸದಲ್ಲಿದ್ದರು. ಬೆಟ್ಟದ ಮೇಲಿನ ತಣ್ಣನೆಯ ತೊರೆಗಳ ಪಕ್ಕ ಟೆಂಟು ಹಾಕಿಕೊಂಡು ವಾರಗಟ್ಟಲೆ ಇರಬೇಕಾಗುತ್ತಿತ್ತು. ಅಲ್ಲೇ, ಮೇಲಧಿಕಾರಿಯೊಬ್ಬರಿಂದ ಟ್ರೌಟ್ ಮೀನು ಹಿಡಿಯುವುದನ್ನು ಕಲಿತರು. ಅದಕ್ಕೆ ಎರೆಹುಳು ಬೇಡ. ಕೊಕ್ಕೆಗೆ ಗರಿ, ದಾರ, ಕೂದಲೆಳೆ ಸುತ್ತಿ ನೊಣದ ಹಾಗೆ ಕಾಣುವಂತೆ ಕಟ್ಟಬೇಕು. ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನಕಲಿ ನೊಣವನ್ನು ನೀರಿನ ಮೇಲೆ ನಿಜವಾದ ನೊಣ ಕೂತಷ್ಟು ಹಗುರಾಗಿ ಇಳಿಸಬೇಕು. ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ವಾಪಸು ಬಿಡಬೇಕು. ಬಿಡೋದೇ ಆದರೆ ಹಿಡಿಯೋದೇಕೆ ಎಂದು ಅಕ್ಕ ಮದುವೆಯಾದ ಹೊಸದರಲ್ಲೇ ಕೇಳಿದ್ದಳು. "ಬೇರೆಯವರು ಕೆಲಸ ಇಲ್ದೆ ನೊಣ ಹೊಡೀತಾರೆ. ನೀವು ನೊಣ ಕಟ್ತೀರಿ," ಎಂದೂ ಅಂದಿದ್ದಳು.

ಅಕ್ಕನ ಈ ತಮ್ಮ ಕೆಲಸವಿಲ್ಲದೆ ಅವಳ ಮನೆಯಲ್ಲಿ ಬಿದ್ದುಕೊಂಡಿದ್ದ ಕಾಲದಲ್ಲಿ ಭಾವ ಅವನನ್ನೂ ಹೊಳೆಗೆ ಕರೆದೊಯ್ದರು. ಬುದ್ಧಿವಾದ ಹೇಳಲಿಲ್ಲ, ಕೈಗೊಂದು ಗಾಳದ ಕೋಲು ಕೊಟ್ಟು ನೀರಿಗಿಳಿಸಿದರು. ಆಮೇಲೆ ಅವನಿಗೆ ಲಿಫ್ಟಿನ ಕೆಲಸ ಸಿಕ್ಕಿತು, ಭಾವನಿಗೆ ಊರಿನ ಕಚೇರಿಗೇ ವರ್ಗವಾಯಿತು, ಹೊಳೆ ದೂರವಾಯಿತು. ಒಂದು ಮಾತು ಮಾತ್ರ ಉಳಿದುಕೊಂಡಿತ್ತು. ರಸ್ತೆ ಮುಗಿದ ಮೇಲೂ ಎಷ್ಟೋ ದೂರ ಹೋದರೆ ಒಂದು ಟ್ರೌಟ್ ಹೊಳೆ ಇದೆಯಂತೆ, ಅದರ ದಡದಲ್ಲಿ ಮೀನು ಹಿಡಿಯಲು ಬರುವವರಿಗೆಂದೇ ಒಂದು ಮರದ ಲಾಡ್ಜ್ ಇದೆಯಂತೆ, ಒಮ್ಮೆ ಹೋಗಬೇಕು ಎಂಬ ಮಾತು. ಮುಂದಿನ ವರ್ಷ ಹೋಗೋಣ ಎನ್ನುತ್ತಲೇ ಇಬ್ಬರ ತಲೆಯೂ ನರೆತಿತ್ತು.

ಭಾವನಿಗೆ ಸ್ಟ್ರೋಕ್ ಆದ ಮೇಲೆ ತಮ್ಮನಿಗೆ ಅದೊಂದು ಹಟವಾಯಿತು. ಅವನು ಮದುವೆಯಾಗಿರಲಿಲ್ಲ. ಮನೆ ಎಂದರೆ ಬೀಗ ತೆಗೆದು ಬೂಟು ಬಿಚ್ಚುವ ಜಾಗ. ಎಲ್ಲಿ ಹೋದರೂ ಜನ ಅವನಿಗಾಗಿ ಕಾಯುತ್ತಿದ್ದುದು ಸಿಟ್ಟಿನಿಂದಲೇ. ಲಿಫ್ಟು ಸರಿಯಾದ ಕೂಡಲೇ ಅದರಲ್ಲಿ ನುಗ್ಗಿ ಮಾಯವಾಗುತ್ತಿದ್ದರು. ಇಷ್ಟು ವರ್ಷದ ಆಯಾಸ ಮೂಳೆಗೆ ಇಳಿದಿತ್ತು. ಆದರೂ ಕೆಲಸದ ನಡುವೆ ಮಷಿನ್ ರೂಮಿನಿಂದ ತಾರಸಿಗೆ ಬಂದು, ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಆ ಲಾಡ್ಜಿಗೆ ಫೋನ್ ಮಾಡುವಾಗ ಮಾತ್ರ ಅವನ ದನಿಯಲ್ಲಿ ಜೀವ ಇರುತ್ತಿತ್ತು.

ಆಚೆ ಕಡೆಯಿಂದ ಮಾತಾಡುತ್ತಿದ್ದವಳು ಲಾಡ್ಜಿನ ಒಡತಿ. ಸುತ್ತು ಬಳಸದ ಹೆಂಗಸು.

"ಅವರಿಗೆ ನಡೆಯೋಕಾಗುತ್ತಾ?"

"ಕೋಲು ಹಿಡ್ಕೊಂಡು ನಡೀತಾರೆ. ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಬಚ್ಚಲಿಗೆ ಹೋಗಿ ಬರೋವಷ್ಟು."

"ನೋಡಿ, ಇಲ್ಲಿಗೆ ಬರೋವಾಗ ಕೊನೆಗೆ ಜೀಪು ಹೊಳೆಗೇ ಇಳಿದು ದಾಟಬೇಕು. ಮೈ ಎಲ್ಲಾ ಕುಲುಕಿಹೋಗುತ್ತೆ. ಕಲ್ಲಿನ ಮೇಲೆ ಗಟ್ಟಿ ಕಾಲಿನವರೇ ಜಾರ್ತಾರೆ. ಡಾಕ್ಟರು ಹತ್ತಿರ ಇಲ್ಲ."

"ಅವರು ನೀರಿಗೆ ಇಳಿಯೋದು ಬೇಡ. ದಡದಲ್ಲಿ ಒಂದು ಕುರ್ಚಿ ಹಾಕಿದ್ರೆ ಸಾಕು."

"ಕುರ್ಚಿಗೇನು, ಹಾಕೋಣ. ಅವರಿಗೆ ಬರೋಕೆ ಇಷ್ಟ ಇದೆಯಾ?"

"ಇದೇನು ಕೇಳ್ತೀರಿ? ಎಷ್ಟು ವರ್ಷದ ಆಸೆ ಅದು!"

ಬೆಟ್ಟದ ಹಿಮ ಕರಗಿ ಮುಗಿದು, ಹೊಳೆ ತಿಳಿಯಾದ ಮೇಲೆ ಬರಬೇಕು. ಚಳಿ ಬಿದ್ದರೆ ಲಾಡ್ಜು ಮುಚ್ಚುತ್ತದೆ ಎಂದಳು. ಅವನು ಆ ನಡುವಿನ ಒಂದು ವಾರವನ್ನು ಗೊತ್ತು ಮಾಡಿಕೊಂಡ.

ಭಾನುವಾರ ಇದನ್ನೆಲ್ಲ ಭಾವನಿಗೆ ಒಪ್ಪಿಸುತ್ತಿದ್ದ. ಬಸ್ಸಿನಲ್ಲಿ ಯಾವ ಸೀಟು, ಜೀಪಿನಲ್ಲಿ ಬೆನ್ನಿಗೆ ಎಷ್ಟು ದಿಂಬು, ಎಡಗೈಯಲ್ಲಿ ಬೀಸುವುದಕ್ಕೆ ಯಾವ ಗಾಳದ ಕೋಲು ಹಗುರ. ಭಾವ ಎಲ್ಲದಕ್ಕೂ "ಆಯ್ತು" ಎನ್ನುತ್ತಿದ್ದರು. ಕಿಟಕಿಯ ಬಳಿ ಅಕ್ಕ ಹೊಲಿಗೆ ಮಷಿನ್ ತುಳಿಯುತ್ತ ಕೂತಿರುತ್ತಿದ್ದಳು. ಅಂಗಡಿಯವರಿಗೆ ಪರದೆ ಹೊಲಿದುಕೊಡುವುದು ಅವಳ ಕೆಲಸ. ಅವಳ ಸುತ್ತ ಯಾರದೋ ಮನೆಯ ಪರದೆಗಳು ರಾಶಿ ಬಿದ್ದಿರುತ್ತಿದ್ದವು. ಗಂಡ ಕೆಮ್ಮಿದರೆ ಮಷಿನ್ ನಿಲ್ಲುತ್ತಿತ್ತು, ಅವಳು ಎದ್ದು ಹೋಗಿ ಬೆನ್ನು ಸವರಿ, ಬಾಯಿ ಒರೆಸಿ, ಮತ್ತೆ ಬಂದು ಸೂಜಿಗೆ ಕಣ್ಣು ಹಚ್ಚುತ್ತಿದ್ದಳು.

"ಲಾಡ್ಜು ಅಂದ್ರೆ ನಂಗೆ ಬಸ್‌ಸ್ಟ್ಯಾಂಡ್ ಎದುರಿನ ತಿಗಣೆ ಮಂಚಾನೇ ನೆನಪಾಗೋದು ಕಣೋ," ಎಂದಳು ಒಮ್ಮೆ.

"ಅಕ್ಕಾ, ಇದು ಬೇರೆ. ನೀನೂ ಬರ್ತೀಯಲ್ಲ, ನೋಡುವಿಯಂತೆ."

"ನಾನು ಬರದೆ ಇವರನ್ನ ಯಾರು ನೋಡ್ಕೋತಾರೆ?" ಎಂದು ಅವಳು ಮಷಿನ್ ತುಳಿದಳು.

ಹೊರಡುವ ದಿನ ಹತ್ತಿರವಾದಾಗ, ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ತಮ್ಮ ಹೊರಡಿಸಿದ. ಹತ್ತಿರದ ಪಾರ್ಕಿನಲ್ಲಿ ಒಂದು ಕೊಳವಿತ್ತು. ಭಾವನನ್ನು ಕೆಳಗಿಳಿಸುವುದೇ ಒಂದು ಯುದ್ಧವಾಯಿತು. ತಮ್ಮ ಮುಂದೆ ನಿಂತು ಹೆಗಲು ಕೊಟ್ಟ, ಅಕ್ಕ ಹಿಂದಿನಿಂದ ಸೊಂಟಕ್ಕೆ ಕಟ್ಟಿದ ಬೆಲ್ಟು ಹಿಡಿದಳು. ಮೆಟ್ಟಿಲು ತಿರುಗುವಲ್ಲೆಲ್ಲ ಭಾವ ನಿಂತು ಉಸಿರಾಡಿದರು. ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿ, ಅಯ್ಯೋ ಪಾಪ ಎಂಬ ಮುಖ ಮಾಡಿ ಮುಚ್ಚಿಕೊಂಡರು.

ಕೊಳದ ಪಕ್ಕದ ಬೆಂಚಿನಲ್ಲಿ ಕೂರಿಸಿ ಎಡಗೈಗೆ ಗಾಳದ ಕೋಲು ಕೊಟ್ಟದ್ದಾಯಿತು. ಭಾವ ಮೊದಲ ಸಲ ಬೀಸಿದಾಗ ದಾರ ಅವರ ಕಾಲಿಗೇ ಸುತ್ತಿಕೊಂಡಿತು. ಎರಡನೆಯ ಸಲ ನೊಣ ಹಿಂದೆ ಹಾರಿ ತಮ್ಮನ ಟೋಪಿಯನ್ನು ಕಚ್ಚಿ ಎತ್ತಿಕೊಂಡು ಹೋಯಿತು.

"ದೊಡ್ಡ... ಮೀನು," ಎಂದರು ಭಾವ.

ಮೂವರೂ ನಕ್ಕರು. ಆಮೇಲೂ ಭಾವ ಬೀಸಿದರು. ನಗು ಇಳಿದುಹೋದ ಮೇಲೂ, ತಮ್ಮ "ಇನ್ನೊಂದ್ಸಲ, ಭಾವ" ಎಂದಾಗಲೆಲ್ಲ ಬೀಸಿದರು. ಹಣೆ ಬೆವರಿತ್ತು. ಬಿಸಿಲು ಏರಿದ ಮೇಲೆ ವಾಪಸು ಹೊರಟರು.

ಹತ್ತುವುದು ಇಳಿದದ್ದಕ್ಕಿಂತ ಕಷ್ಟವಾಯಿತು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಭಾವ ಗೋಡೆ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟರು. ತಮ್ಮ ಅವರ ಪಕ್ಕ ಕೂತ. ಅಕ್ಕ ಎರಡು ಮೆಟ್ಟಿಲು ಮೇಲೆ ಕೂತಳು.

"ಪರವಾಗಿಲ್ಲ ಭಾವ, ಅಲ್ಲಿ ಮೆಟ್ಟಿಲಿಲ್ಲ," ಎಂದ ತಮ್ಮ. "ಜೀಪಿಂದ ಇಳಿದ್ರೆ ಕುರ್ಚಿ. ನಾನು ಹೇಳಿದ್ದೀನಿ."

ಭಾವ ಅವನ ಮಂಡಿಯ ಮೇಲೆ ಎಡಗೈ ಇಟ್ಟರು. "ಲಿಫ್ಟು. ನಂಗೆ... ಬೇಡ."

"ಇವತ್ತು ಸುಸ್ತಾಗಿದೆ ನಿಮಗೆ. ನಾಳೆ ಸರಿಹೋಗುತ್ತೆ."

"ಮೊದಲಿಂದ್ಲೂ... ಬೇಡ."

ತಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮತ್ತೆ ಪ್ರತಿ ವಾರ ಆಯ್ತು ಆಯ್ತು ಅಂತಿದ್ರಲ್ಲ?"

ಭಾವ ಮಾತನ್ನು ಹುಡುಕಿದರು. "ನೀನು... ಖುಷಿಯಾಗಿ... ಬರ್ತಿದ್ದೆ. ನಿಂಗೆ... ಇದ್ದದ್ದು... ಅದೊಂದೇ."

ತಮ್ಮ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕೂತ. ಭಾವನಿಗಾಗಿ ತಾನು ಇಷ್ಟೆಲ್ಲ ಎಳೆಯುತ್ತಿದ್ದೇನೆ ಅಂದುಕೊಂಡಿದ್ದ. ಭಾವ ಇವನಿಗಾಗಿ ಎಳೆಸಿಕೊಳ್ಳುತ್ತಿದ್ದರು. ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಆಯಾಸ, ಅಲ್ಲೇ ಮೆಟ್ಟಿಲ ಮೇಲೆ ಮಲಗಿಬಿಡೋಣ ಎನ್ನುವಷ್ಟು. "ಕೇಳಿದೆಯಾ ಅಕ್ಕಾ, ನಿನ್ನ ಗಂಡನ ಮಾತು?" ಎಂದು ಮೇಲೆ ತಿರುಗಿದ.

ಅಕ್ಕ ಕಂಬಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಹಾಡಹಗಲಲ್ಲಿ, ಮೆಟ್ಟಿಲ ಮೇಲೆ, ಬಾಯಿ ಅರ್ಧ ತೆರೆದುಕೊಂಡು. ಬೆಲ್ಟಿನ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಮೇಲಿನ ಮನೆಯವರೊಬ್ಬರು ಇಳಿದು ಬಂದು ಅವಳ ಪಕ್ಕದಿಂದ ನುಸುಳಿ ಹೋದರೂ ಎಚ್ಚರವಾಗಲಿಲ್ಲ. ಅಕ್ಕನ ಮುಖವನ್ನು ತಮ್ಮ ಅಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮಣಿಕಟ್ಟಿಗೆ ನೋವಿನ ಪಟ್ಟಿ ಸುತ್ತಿಕೊಂಡಿದ್ದಳು. ಅದು ಯಾವಾಗಿನಿಂದ ಇದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

"ಅವಳನ್ನ... ಕಳಿಸು," ಎಂದರು ಭಾವ ಪಿಸುದನಿಯಲ್ಲಿ.

ಹೊಳೆಗೆ ಒಬ್ಬಳೇ ಹೋಗಲು ಅಕ್ಕನನ್ನು ಒಪ್ಪಿಸುವುದಕ್ಕೆ ಆ ವಾರವೆಲ್ಲ ಹಿಡಿಯಿತು. ನನಗೇನು ಹುಚ್ಚಾ, ಮೀನಿನ ವಾಸನೆ ಕಂಡರಾಗದವಳು ಹೊಳೆಯಲ್ಲಿ ನಿಂತು ಏನು ಮಾಡಲಿ ಎಂದಳು. ಪರದೆ ಯಾರು ಹೊಲಿಯುತ್ತಾರೆ ಎಂದಳು. ಕೊನೆಗೆ ನಿಜವಾದ ಕಾರಣ ಬಂತು: "ನಾನಿಲ್ಲದಾಗ ಇವರಿಗೆ ಏನಾದ್ರೂ ಆದ್ರೆ?"

"ನೀನು... ಬರೋವರೆಗೂ... ಸಾಯಲ್ಲ," ಎಂದರು ಭಾವ. "ಬಂದ್ಮೇಲೆ... ನೋಡೋಣ."

"ಥೂ, ಬಿಡ್ತು ಅನ್ನಿ," ಎಂದು ಬೈದಳು. ಬೈಯುತ್ತಲೇ ಅತ್ತಳು. ಮಾರನೆಯ ದಿನ ಕಪಾಟಿನ ಮೇಲಿಂದ ಚೀಲ ಕೆಳಗಿಳಿಸಿದಳು.

ತಮ್ಮ ರಜೆ ಹಾಕಿ ಅಕ್ಕನ ಮನೆಗೆ ಬಂದು ನಿಂತ. ಭಾರದ ಮೋಟಾರು ಎತ್ತಿ ಪಳಗಿದ ತನಗೆ ಒಬ್ಬ ಮನುಷ್ಯನನ್ನು ನೋಡಿಕೊಳ್ಳುವುದೇನು ಮಹಾ ಎಂದುಕೊಂಡಿದ್ದ. ಮೊದಲ ದಿನವೇ ಸ್ನಾನ ಮಾಡಿಸುವಷ್ಟರಲ್ಲಿ ಅವನೇ ಅರ್ಧ ಸ್ನಾನ ಮಾಡಿದ್ದ. ಮೋಟಾರು ಎತ್ತಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಭಾವ ಕುರ್ಚಿಯಿಂದ ಜಾರುತ್ತಿದ್ದರು. ಗಂಜಿ ಗಂಟಲಲ್ಲಿ ಸಿಕ್ಕಿ ಕೆಮ್ಮುತ್ತಿದ್ದರು. ಒಂದು ಮಗ್ಗುಲಲ್ಲಿ ಹೆಚ್ಚು ಹೊತ್ತು ಮಲಗಿದರೆ ಬೆನ್ನು ಕೆಂಪಾಗುತ್ತಿತ್ತು. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತಿತ್ತು. ತನಗೂ ಊಟ ಆಗಿಲ್ಲ ಎಂಬುದು ಅವನಿಗೆ ಸಂಜೆ ನೆನಪಾಗುತ್ತಿತ್ತು. ನಾಚಿಕೆಯಿಂದ ಭಾವ ಮೊದಲೆರಡು ದಿನ ಕಣ್ಣು ಮುಚ್ಚಿಕೊಂಡೇ ಸ್ನಾನ ಮಾಡಿಸಿಕೊಂಡರು. ಮೂರನೆಯ ದಿನ ಕಣ್ಣು ತೆರೆದು, "ನೀರು... ಬಿಸಿ," ಎಂದು ತಪ್ಪು ಹುಡುಕಿದರು. ಅಲ್ಲಿಂದ ಇಬ್ಬರಿಗೂ ಸಲೀಸಾಯಿತು.

ಅಷ್ಟರಲ್ಲಿ ಲಾಡ್ಜಿನ ಒಡತಿ ಫೋನ್ ಮಾಡಿದಳು.

"ನಿಮ್ಮಕ್ಕ ಬಂದಾಗಿನಿಂದ ಮಲಗೇ ಇದ್ದಾರೆ. ಊಟಕ್ಕೆ ಏಳ್ತಾರೆ, ಮತ್ತೆ ಮಲಗ್ತಾರೆ. ಹೊಳೆ ಕಡೆ ತಿರುಗಿಯೂ ನೋಡಿಲ್ಲ. ಮೈಗೇನಾದ್ರೂ ಆಗಿದ್ಯಾ? ಎಬ್ಬಿಸಲಾ?"

ತಮ್ಮ ಭಾವನ ಕಡೆ ನೋಡಿದ. ಭಾವ ಫೋನಿನತ್ತ ಎಡಗೈ ಆಡಿಸಿ, "ಬೇಡ, ಬೇಡ, ಬೇಡ," ಎಂದರು. ಸ್ಟ್ರೋಕ್ ಆದ ಮೇಲೆ ಅವರು ಅಷ್ಟು ಬೇಗ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಅಕ್ಕ ವಾರ ಮುಗಿಸಿ ಬಂದಳು. ಮುಖ ಬಿಸಿಲಿಗೆ ಕೆಂಪಗೆ ಸುಟ್ಟಿತ್ತು. ಚೀಲ ಇಟ್ಟವಳೇ ಗಂಡನ ಬೆನ್ನು ತಿರುಗಿಸಿ ನೋಡಿದಳು. ಎಲ್ಲೂ ಕೆಂಪಾಗಿರಲಿಲ್ಲ. ತಮ್ಮನ ಕಡೆ ಒಮ್ಮೆ ತಲೆದೂಗಿದಳು. ಆಮೇಲೆ ಅಡುಗೆಮನೆಗೆ ಹೋಗಿ, "ಉಪ್ಪಿನ ಡಬ್ಬ ಎಲ್ಲಿಟ್ಟೆಯೋ ಪುಣ್ಯಾತ್ಮ?" ಎಂದು ಕೂಗಿದಳು.

ಊಟವಾದ ಮೇಲೆ ತಾನಾಗಿಯೇ ಹೇಳಿದಳು.

"ಆ ಹೆಂಗಸು ಕೊನೆಗೆ ಬಿಡಲೇ ಇಲ್ಲ. ಎದೆವರೆಗೂ ಬರೋ ರಬ್ಬರ್ ಪ್ಯಾಂಟು ಹಾಕಿಸಿ ನೀರಿಗೆ ಇಳಿಸಿದಳು. ಕೋಲು ಬೀಸೋದು ಹೇಳಿಕೊಟ್ಟಳು, ನಂಗೆ ಬರಲಿಲ್ಲ. ಸಾಕು ಅಂತ ಕೋಲು ಅವಳಿಗೇ ಕೊಟ್ಟು ಸುಮ್ನೆ ನಿಂತೆ. ನೀರು ಮಂಡಿನ ತಳ್ತಾ ಇರುತ್ತೆ, ನೀವು ಹೇಳ್ತಿದ್ದಿರಲ್ಲ, ಹಾಗೇ. ಒಂದು ಮೀನು ಕಾಲ ಹತ್ರ ಬಂದು ನಿಂತಿತ್ತು. ಮೈಮೇಲೆ ಕೆಂಪು ಚುಕ್ಕೆ. ಅದೂ ಎಲ್ಲಿಗೂ ಹೋಗ್ತಿರಲಿಲ್ಲ, ನಾನೂ ಹೋಗ್ತಿರಲಿಲ್ಲ."

"ಆಮೇಲೆ?" ಎಂದ ತಮ್ಮ.

"ಆಮೇಲೇನು, ಕಾಲು ಮರಗಟ್ಟಿತು. ಬಂದೆ."

ಭಾವ ಅವಳನ್ನೇ ನೋಡುತ್ತಿದ್ದರು. ಏನೋ ಕೇಳಬೇಕೆಂದು ಬಾಯಿ ತೆರೆದರು, ಮಾತು ಸಿಗಲಿಲ್ಲ. ಅಕ್ಕ ಹತ್ತಿರ ಹೋಗಿ, ಆ ಹೊಳೆಯ ನೀರು ಎಷ್ಟು ತಣ್ಣಗಿತ್ತು, ಎಷ್ಟು ತಿಳಿಯಾಗಿತ್ತು ಎಂದು ಅವರಿಗಷ್ಟೇ ಕೇಳುವಂತೆ ಬಹಳ ಹೊತ್ತು ಹೇಳಿದಳು.

ಅವಳ ಮಣಿಕಟ್ಟಿನ ನೋವು ಒಂದು ವಾರದಲ್ಲೇ ಮರಳಿತು, ಪರದೆಗಳೂ ಮರಳಿದವು. ಬದಲಾದದ್ದು ಭಾನುವಾರ ಮಾತ್ರ. ಈಗ ತಮ್ಮ ಬೆಳಗ್ಗೆಯೇ ಬರುತ್ತಾನೆ. ಅಕ್ಕ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಎಲ್ಲಿಗೆ ಎಂದು ಅವಳು ಹೇಳುವುದಿಲ್ಲ, ಇವರಿಬ್ಬರೂ ಕೇಳುವುದಿಲ್ಲ. ಸ್ನಾನ, ಊಟ, ಮಾತ್ರೆ ಮುಗಿದ ಮೇಲೆ ಭಾವ ಮಂಚದ ಮೇಲೆ, ತಮ್ಮ ನೆಲದ ಮೇಲೆ, ಕಿಟಕಿಯ ಬಿಸಿಲು ಸರಿದುಹೋಗುವವರೆಗೂ ಗೊರಕೆ ಹೊಡೆಯುತ್ತಾರೆ.