ಬಿಂಟಾ ತಂದ ಹಸಿರು ಕೇಕು

ಆಗ ನನಗೆ ಅರವತ್ತೊಂದು ವಯಸ್ಸು. ಹದಿನೇಳು ವರ್ಷದ ಹಿಂದಿನ ಮಾತು. ಸ್ವೀಡನ್ ದೇಶದ ಮಾಲ್ಮೋ ಊರಿನಲ್ಲಿ ಬಿಂಟಾಳನ್ನು ಮೊದಲು ನೋಡಿದಾಗ ಅವಳು ಇಸ್ತ್ರಿ ಮುರಿಯದ ಕರಿ ಕೋಟು ಹಾಕಿಕೊಂಡು, ನೆಲಕ್ಕೆ ಮಂಡಿಯೂರಿ, ಹೊಲಿಗೆ ಮಿಷನ್ನಿನ ಪೆಡಲಿಗೆ ಸಿಕ್ಕಿಕೊಂಡ ದಾರ ಬಿಡಿಸುತ್ತಿದ್ದಳು. ಆರಡಿ ಹೆಣ್ಣು. ಬಣ್ಣದಲ್ಲಿ ನನಗಿಂತ ಎಷ್ಟೋ ಕಪ್ಪು. ಕೊರಳಲ್ಲಿ ಹೆಸರಿನ ಬಿಲ್ಲೆ, ಕಿವಿಯಲ್ಲಿ ಮುತ್ತು, ಕಾಲಲ್ಲಿ ಫಳಫಳ ಬೂಟು. ಮದುವೆಗೆ ಹೊರಟವಳ ಹಾಗೆ ಸಿಂಗಾರ ಮಾಡಿಕೊಂಡು ಬಂದು ಮಿಷನ್ನಿನ ಕೆಳಗೆ ಯಾಕೆ ತೂರಿದ್ದಾಳೆ ಅಂತ ನನಗೆ ತಿಳಿಯಲಿಲ್ಲ.

ನಾನು ಅಲ್ಲಿಗೆ ಹೋದದ್ದು ಮಗಳ ಮಗುವನ್ನು ನೋಡಿಕೊಳ್ಳಲು. ಹೋದ ಎರಡು ತಿಂಗಳಿಗೆ ಮಗುವಿಗೆ ದಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ಜಾಗ ಸಿಕ್ಕಿತು. ಆಮೇಲೆ ನಾನು ಗೋಡೆ ನೋಡಿಕೊಂಡು ಕೂತೆ. ಅದೇ ಕಟ್ಟಡದಲ್ಲಿ ದಾವಣಗೆರೆಯ ನಸ್ರೀನ್ ಇದ್ದಳು. ಗಂಡ ಎಂಜಿನಿಯರ್. "ಆಂಟಿ, ಮನೇಲಿ ಕೂತು ಏನ್ಮಾಡ್ತೀರ, ನನ್ ಜೊತೆ ಬನ್ನಿ" ಅಂತ ಒಂದು ಸಂಘಕ್ಕೆ ಕರೆದುಕೊಂಡು ಹೋದಳು. ಹೊರದೇಶದಿಂದ ಬಂದ ಹೆಂಗಸರಿಗೆ ನೆರವಾಗುವ ಸಂಘ. ಸೋಮಾಲಿಯಾದವರು, ಇರಾಕಿನವರು, ಬೋಸ್ನಿಯಾದವರು ಬಂದು ಹೊಲಿಯುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಅಲ್ಲಿನ ಭಾಷೆ ಕಲಿಯುತ್ತಿದ್ದರು. ಈ ಎಲ್ಲವನ್ನೂ ನಡೆಸುತ್ತಿದ್ದವಳು ಬಿಂಟಾ. ಆಫ್ರಿಕಾದ ಗ್ಯಾಂಬಿಯಾ ದೇಶದವಳು. ಓದಲಿಕ್ಕೆ ಅಂತ ಬಂದು ಎರಡು ದೊಡ್ಡ ಡಿಗ್ರಿ ಮಾಡಿ ಅಲ್ಲೇ ನಿಂತವಳು. ಅವಳ ಸ್ವೀಡಿಷ್ ಕೇಳಿದರೆ ರೇಡಿಯೋ ಕೇಳಿದ ಹಾಗಿರುತ್ತದೆ ಅಂತ ನಸ್ರೀನ್ ಹೇಳುತ್ತಿದ್ದಳು. ಬಿಂಟಾಳ ಮೇಲೆ ಒಬ್ಬಳು ಮುಖ್ಯಸ್ಥೆ ಇದ್ದಳು, ನಿವೃತ್ತಿಗೆ ಹತ್ತಿರವಾದವಳು. ಅದಕ್ಕೂ ಮೇಲೆ ಸಂಘದ ಅಧ್ಯಕ್ಷೆ ಬಿರ್ಗಿಟ್ಟಾ.

ಮೇಲೆ ಕೆಳಗೆ ಅಂತ ನಾನು ಬರೆಯುತ್ತಿದ್ದೇನೆ. ಅಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅಧ್ಯಕ್ಷೆಯನ್ನೂ ಹೆಸರು ಹಿಡಿದೇ ಕರೆಯಬೇಕು. ದಿನಕ್ಕೆ ಎರಡು ಸಲ ಕೆಲಸ ನಿಲ್ಲಿಸಿ ಎಲ್ಲರೂ ಒಂದೇ ಮೇಜಿಗೆ ಕಾಫಿಗೆ ಕೂರುತ್ತಾರೆ. ಅದಕ್ಕೆ ಫೀಕಾ ಅಂತಾರೆ. ಕುಡಿದ ಮೇಲೆ ಅವರವರ ಲೋಟ ಅವರವರೇ ತೊಳೆದಿಡಬೇಕು. ಬಿರ್ಗಿಟ್ಟಾ ತನ್ನ ಲೋಟ ತೊಳೆಯುವುದನ್ನು ನಾನು ಕಣ್ಣಾರೆ ಕಂಡೆ. ನಾನು ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ನಾನು ಮಾಡಿದ ಉಪ್ಪಿಟ್ಟನ್ನು ಮೇಲಿನ ಕೇರಿಯವರು ತಮ್ಮ ಮಕ್ಕಳಿಗೆ ತಿನ್ನಲು ಬಿಡುತ್ತಿರಲಿಲ್ಲ; "ನಮ್ಮ ಹುಡುಗ ಮನೆಗೇ ಬರ್ತಾನೆ" ಅಂತ ಬಾಗಿಲಲ್ಲಿ ನಿಂತು ನನ್ನ ಮುಖಕ್ಕೇ ಹೇಳುತ್ತಿದ್ದರು. ಅಂಥದ್ದನ್ನು ಕಂಡವಳಿಗೆ ಈ ಲೋಟ ತೊಳೆಯುವುದು ಎಷ್ಟು ಹಿಡಿಸಿರಬೇಡ. "ದೇಶ ಅಂದ್ರೆ ಇದು" ಅಂತ ಮಗಳಿಗೆ ಹೇಳಿದೆ.

ಬಿಂಟಾ ಒಬ್ಬಳು ಮಾತ್ರ ನನ್ನ ಹೆಸರು ಹಿಡಿಯಲಿಲ್ಲ. ಹಿರಿಯರನ್ನು ನಿಮ್ಮಲ್ಲಿ ಹೇಗೆ ಕರೆಯುತ್ತಾರೆ ಅಂತ ನಸ್ರೀನ್‌ಳನ್ನು ಕೇಳಿ 'ಅಮ್ಮ' ಅಂತ ಕಲಿತಳು. ನಸ್ರೀನ್ ನಡುವೆ ಕೂತು ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ದಾಟಿಸುತ್ತಿದ್ದಳು. ನಾನು ಮೊದಲು ಕೇಳಿದ್ದು ಕೋಟಿನ ವಿಷಯವೇ. ಮುಖ್ಯಸ್ಥೆ ಮೊಣಕೈ ತೂತಾದ ಸ್ವೆಟರ್ ಹಾಕಿಕೊಂಡು ಬರುತ್ತಾಳೆ, ಹೊಸದಾಗಿ ಸೇರಿದ ಲೀನಾ ಹರಿದ ಪ್ಯಾಂಟಿನಲ್ಲಿ ಬರುತ್ತಾಳೆ. ನೀನೊಬ್ಬಳು ಯಾಕೆ ದಿನಾ ಹೀಗೆ?

"ಅವರು ಹರಿದದ್ದು ಹಾಕ್ಕೊಂಡ್ರೂ ಆಫೀಸರೇ ಅಮ್ಮ. ನಾನು ಹರಿದದ್ದು ಹಾಕ್ಕೊಂಡ್ರೆ, ನೆಲ ಒರೆಸೋ ಬಕೆಟ್ ಎಲ್ಲಿದೆ ಅಂತ ನನ್ನನ್ನೇ ಕೇಳ್ತಾರೆ" ಅಂದಳು.

ಜಂಬದ ಮಾತು ಅಂದುಕೊಂಡೆ. ಹೆಚ್ಚು ದಿನ ಕಾಯಬೇಕಾಗಲಿಲ್ಲ. ಸಂಘಕ್ಕೆ ಹಣ ಕೊಡುವ ಒಂದು ಟ್ರಸ್ಟಿನಿಂದ ಒಬ್ಬ ಗಂಡಸು ಬಂದ. ಬಾಗಿಲು ತೆಗೆದವಳು ಬಿಂಟಾ. ಕೊರಳಲ್ಲಿ ಬಿಲ್ಲೆ ನೇತಾಡುತ್ತಿದೆ, ಮೈಮೇಲೆ ಆ ಕೋಟು ಇದೆ. ಅವನು ತನ್ನ ಒದ್ದೆ ಜಾಕೀಟು ಕಳಚಿ ಅವಳ ತೋಳಿನ ಮೇಲೆ ಹಾಕಿದ, ಕಾಫಿ ಕೇಳಿದ, ಹಿಂದೆ ನಿಂತಿದ್ದ ಲೀನಾಳ ಕೈ ಕುಲುಕಿದ. ಲೀನಾಗೆ ಇಪ್ಪತ್ತಾರು ವಯಸ್ಸು; ಪತ್ರ ಬರೆಯುವುದರಿಂದ ಹಿಡಿದು ಎಲ್ಲವನ್ನೂ ಬಿಂಟಾಳೇ ಅವಳಿಗೆ ಕಲಿಸುತ್ತಿದ್ದಳು. ಬಿಂಟಾ ಜಾಕೀಟನ್ನು ಗೂಟಕ್ಕೆ ಹಾಕಿದಳು. ಕಾಫಿ ತಂದು ಅವನ ಮುಂದಿಟ್ಟಳು. ಆಮೇಲೆ ಮೇಜಿನ ತುದಿಯ ಕುರ್ಚಿ ಎಳೆದು ಕೂತು, "ಈ ಮನೆ ನಡೆಸೋಳು ನಾನು. ಶುರು ಮಾಡೋಣವಾ?" ಅಂದಳು. ಅವನ ಕಿವಿ ಟೊಮೇಟೊ ಆಯಿತು. ನಾನು ಅಡುಗೆಮನೆಯಿಂದ ನೋಡಿ ನಕ್ಕೆ. ಆಮೇಲೆ ಬಿಂಟಾ ನಗದೆ ಅಂದಳು: "ನಿಮಗೆ ಇದು ಹೊಸದು. ಅದಕ್ಕೇ ನಗು ಬರ್ತಿದೆ."

ಹಾಗಂತ ಅವಳೇನೂ ನಮ್ಮಂಥವಳಲ್ಲ. ಒಂದು ಭಾನುವಾರ ನಮ್ಮಿಬ್ಬರನ್ನು ಮನೆಗೆ ಕರೆದಳು. ಗೋಡೆಯ ಮೇಲೆ ಅವಳ ಅಪ್ಪನ ಫೋಟೋ ಇತ್ತು, ಗ್ಯಾಂಬಿಯಾದಲ್ಲಿ ಜಡ್ಜ್ ಆಗಿದ್ದವನು. ಸ್ವೀಡನ್ನಿಗೆ ಬರುವವರೆಗೆ ತಾನು ಒಂದು ತಟ್ಟೆ ತೊಳೆದವಳಲ್ಲ ಅಂತ ಹೇಳಿಕೊಂಡಳು. ನನಗೆ ಬಾಯಿ ತಡೆಯಲಿಲ್ಲ.

"ಹಂಗಾದ್ರೆ ನಿಮ್ಮನೇಲೂ ನನ್ನಂಥೋಳು ಒಬ್ಬಳು ಇದ್ದಳು ಅನ್ನು."

ನಸ್ರೀನ್ "ಆಂಟಿ!" ಅಂತ ತೊಡೆ ಚಿವುಟಿದಳು. "ಹೇಳೇ, ಹಂಗೇ ಹೇಳು" ಅಂದೆ. ಹೇಳಿದಳು. ಬಿಂಟಾ ಅಪ್ಪನ ಫೋಟೋ ಕಡೆ ತಿರುಗಿದಳು.

"ಇದ್ದಳು. ನನ್ನ ಎತ್ತಿ ಆಡಿಸಿದೋಳು. ಅವಳ ಹೆಸರು ಜ್ಞಾಪಿಸಿಕೊಳ್ತಾ ಇದೀನಿ, ಬರ್ತಿಲ್ಲ" ಅಂದಳು.

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ನನಗೆ ಅವಳು ಸೇರಿದ್ದು ಆವತ್ತಿನಿಂದ. ಸಂಘದಲ್ಲಿ ಅವಳ ಪಾಡು ಎರಡು ಕಡೆಯದು. "ನಿನಗೆ ನಮ್ಮ ಬಣ್ಣ, ಅವರ ಕುರ್ಚಿ" ಅಂತ ಸೋಮಾಲಿಯಾದ ಹೆಂಗಸರು ಅವಳನ್ನು ಹಂಗಿಸುತ್ತಿದ್ದರು. ಕುರ್ಚಿಯವರು ಅವಳನ್ನು ಹೊಲಿಗೆಯವರ ಜೊತೆ ಎಣಿಸುತ್ತಿದ್ದರು.

ಅದು ಬೀದಿಗೇ ಬಂತು. ಸಂಘದ ಪ್ರಚಾರಕ್ಕೆ ಫೋಟೋ ತೆಗೆಯಲು ಒಬ್ಬ ಬಂದಿದ್ದ. ಬಿಂಟಾಳಿಗೆ ಕೋಟು ಬಿಚ್ಚಿಸಿ, ತಲೆಗೆ ಬಣ್ಣದ ಬಟ್ಟೆ ಕಟ್ಟಿಸಿ, "ಆ ಕಡೆ, ಹೆಂಗಸರ ಜೊತೆ ನಿಂತ್ಕೊ" ಅಂದ. "ನಾನು ಇದನ್ನ ನಡೆಸೋಳು" ಅಂದಳು. "ಗೊತ್ತು, ಗೊತ್ತು. ಫೋಟೋಗೆ ಹೀಗೆ ಚೆನ್ನಾಗಿ ಬರುತ್ತೆ" ಅಂದ. ಕೆಲವು ವಾರದ ಮೇಲೆ ನಾವು ಬಸ್ ಸ್ಟಾಪಿಗೆ ಹೋದರೆ ಗಾಜಿನೊಳಗೆ ಆಳೆತ್ತರದ ಬಿಂಟಾ. ಕೆಳಗೆ ದಪ್ಪ ಅಕ್ಷರ. ನಸ್ರೀನ್ ಓದಿ ಬಾಯಿ ಮುಚ್ಚಿಕೊಂಡಳು.

"ಏನಂತೆ?"

"ನಿಮ್ಮ ನೆರವಿನಿಂದ ಇವಳು ತನ್ನ ಕಾಲ ಮೇಲೆ ನಿಂತಳು, ಅಂತ ಬರೆದಿದೆ ಆಂಟಿ."

ಎರಡು ಡಿಗ್ರಿ ಮಾಡಿ, ನೂರು ಹೆಂಗಸರಿಗೆ ದಾರಿ ತೋರಿಸಿದವಳು ಬಸ್ಸಿಗೆ ಕಾಯುವವರ ಮುಂದೆ ಭಿಕ್ಷೆಯವಳಾಗಿ ನಿಂತಿದ್ದಾಳೆ. ಬಿಂಟಾಳಿಗೆ ಹೇಳಿದರೆ ಆಗಲೇ ನೋಡಿದ್ದಳು. "ಇದನ್ನ ನಮ್ಮಪ್ಪನಿಗೆ ಕಳಿಸಲಾ? ಜಡ್ಜ್ ಮಗಳು ಕೊನೆಗೂ ಕಾಲ ಮೇಲೆ ನಿಂತಳು ಅಂತ ಊರಿಗೆಲ್ಲ ಊಟ ಹಾಕಿಸ್ತಾನೆ" ಅಂತ ನಕ್ಕಳು. ಅವಳ ನಗು ದೊಡ್ಡದು, ಕಿಟಕಿ ಅದುರುವಂಥದ್ದು. ಆವತ್ತು ಅರ್ಧಕ್ಕೇ ನಿಂತಿತು.

"ಯಾಕೆ ಸುಮ್ಮನಿದೀಯ?" ಅಂದೆ.

"ಮುಖ್ಯಸ್ಥೆ ಜಾಗ ಖಾಲಿ ಆಗ್ತಿದೆ ಅಮ್ಮ. ಅರ್ಜಿ ಹಾಕಿದೀನಿ. ಈಗ ಜಗಳ ಆಡಿದ್ರೆ, ಇವಳಿಗೆ ಸಿಟ್ಟು ಜಾಸ್ತಿ ಅಂತಾರೆ. ಆ ಕುರ್ಚಿ ಸಿಕ್ಕಿದ ದಿನ ಮೊದಲು ತೆಗೆಸೋದು ಆ ಫೋಟೋನೇ."

ಅಲ್ಲಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಒಬ್ಬರಿಗೆ ಸಂತೋಷದ ಸುದ್ದಿ ಬಂದರೆ ಬೇರೆಯವರು ಅವರಿಗೆ ಸಿಹಿ ತಿನ್ನಿಸುವುದೂ ಉಂಟು. ಅಲ್ಲಿ ಹುಟ್ಟುಹಬ್ಬವಾಗಲಿ, ಬಡ್ತಿಯಾಗಲಿ, ಯಾರದೋ ಅವರೇ ಕೇಕು ತರಬೇಕು. ಹೀಗಿರುವಾಗ ಬಿರ್ಗಿಟ್ಟಾ ಒಂದು ದಿನ ಎಲ್ಲರೆದುರು, "ಬಿಂಟಾ, ಶುಕ್ರವಾರ ಹೊಸ ಮುಖ್ಯಸ್ಥೆಯ ಹೆಸರು ಹೇಳ್ತೀವಿ, ಕೇಕು ನೀನು ತರ್ತೀಯಾ?" ಅಂದಳು. ಇನ್ನೇನು ಬೇಕು? ಹೊಲಿಗೆ ಮಿಷನ್ನುಗಳೆಲ್ಲ ನಿಂತವು. ಹಂಗಿಸುತ್ತಿದ್ದ ಸೋಮಾಲಿಯಾದವಳೇ ಮೊದಲು ಎದ್ದು ಅವಳನ್ನು ತಬ್ಬಿಕೊಂಡಳು. ಬಿಂಟಾ "ಇನ್ನೂ ಹೇಳಿಲ್ಲ, ಇನ್ನೂ ಹೇಳಿಲ್ಲ" ಅನ್ನುತ್ತಿದ್ದಳು. ಕಣ್ಣು ಮಾತ್ರ ಹೊಳೆಯುತ್ತಿತ್ತು.

ಶುಕ್ರವಾರ ನಾನು ಇಳಕಲ್ ಸೀರೆ ಉಟ್ಟೆ. ಹೊರಗೆ ಮಾಲ್ಮೋದ ಆ ಹಾಳು ಗಾಳಿ. ಬಿಂಟಾ ದೊಡ್ಡ ಡಬ್ಬಿಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಸ್ಸಿಳಿದು ಬಂದಳು. ಒಳಗೆ ಹಸಿರು ಬಣ್ಣದ, ಮೇಲೊಂದು ಗುಲಾಬಿ ಹೂವಿಟ್ಟ ಕೇಕು. ಅಲ್ಲಿ ದೊಡ್ಡ ಸಂತೋಷಕ್ಕೆಲ್ಲ ಅದೇ. ಎಲ್ಲರೂ ಮೇಜಿನ ಸುತ್ತ ನಿಂತೆವು. ಬಿರ್ಗಿಟ್ಟಾ ಕನ್ನಡಕ ತೆಗೆದು ಒರೆಸಿಕೊಂಡು ಮಾತಾಡಿದಳು. ನಸ್ರೀನ್ ನನ್ನ ಕಿವಿಯಲ್ಲಿ ಹೇಳುತ್ತಾ ಬಂದವಳು ನಡುವೆ ನಿಂತಳು.

"ಏನೇ? ಹೇಳೇ."

"ಲೀನಾ ಅಂತೆ ಆಂಟಿ."

"ಏನು ಲೀನಾ?"

"ಮುಖ್ಯಸ್ಥೆ ಲೀನಾ ಅಂತೆ."

ನಾನು ನಂಬಲಿಲ್ಲ. ನಿನಗೆ ಭಾಷೆ ಬರುವುದಿಲ್ಲ ಅಂತ ಅವಳಿಗೇ ಗದರಿದೆ. ಅಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ದೇಣಿಗೆಯವರ ಹತ್ತಿರ ಹೋಗಿ ಮಾತಾಡಲು ಲೀನಾ ಹೊಂದುತ್ತಾಳಂತೆ. ಬಿಂಟಾ ಹೆಂಗಸರಿಗೆ ಹತ್ತಿರದವಳಂತೆ, ಅವಳನ್ನು ಅಲ್ಲಿಂದ ಕೀಳುವುದು ಹೆಂಗಸರಿಗೇ ಅನ್ಯಾಯವಂತೆ. ಬಿಂಟಾ ಇಲ್ಲದೆ ಈ ಮನೆಯೇ ಇಲ್ಲ ಅಂತ ಹೇಳುವಾಗ ಬಿರ್ಗಿಟ್ಟಾ ಕಣ್ಣಲ್ಲಿ ನೀರೂ ತಂದುಕೊಂಡಳು. ನಾಟಕವಲ್ಲ. ನಿಜವಾದ ನೀರು. ಅದನ್ನು ನೋಡಿಯೇ ನನಗೆ ಗೊತ್ತಾಯಿತು: ಕೇಕು ತರಲು ಹೇಳಿದ್ದರಲ್ಲಿ ಅವಳಿಗೆ ಯಾವ ಕುಹಕವೂ ಇರಲಿಲ್ಲ. ತರುವುದು, ಬಡಿಸುವುದು ಎಲ್ಲ ಬಿಂಟಾಳ ಕೆಲಸ ಅಂತ ಅವಳ ತಲೆಯಲ್ಲಿ ತಾನಾಗಿ ಕೂತುಬಿಟ್ಟಿತ್ತು. ನಮ್ಮೂರಲ್ಲಿ ಬೈದು ಹೊರಗಿಡುತ್ತಿದ್ದರು, ನನಗೆ ಅರ್ಥವಾಗುತ್ತಿತ್ತು. ಇಲ್ಲಿ ಹೊಗಳಿ, ಅತ್ತು, ಚಪ್ಪಾಳೆ ತಟ್ಟಿ ಹೊರಗಿಟ್ಟರು.

ಆಮೇಲೆ ಬಿರ್ಗಿಟ್ಟಾ ಚಾಕುವನ್ನು ಬಿಂಟಾಳ ಕೈಗೇ ಕೊಟ್ಟಳು. "ನೀನೇ ಕತ್ತರಿಸು, ನೀನು ಚೆನ್ನಾಗಿ ಕತ್ತರಿಸ್ತೀಯ."

ಬಿಂಟಾ ಕತ್ತರಿಸಿದಳು. ಮೊದಲ ತುಂಡನ್ನು ಲೀನಾಳಿಗೆ ಕೊಟ್ಟು ಕೈ ಕುಲುಕಿದಳು. ಲೀನಾ ನೆಲ ನೋಡುತ್ತಿದ್ದಳು. ಒಳ್ಳೆಯ ಹುಡುಗಿ, ಆ ಕುರ್ಚಿ ಬೇಡ ಅನ್ನುವಷ್ಟು ಒಳ್ಳೆಯವಳಲ್ಲ. ನನ್ನ ಮುಂದೆ ತಟ್ಟೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ನಿಮ್ಮ ಮನೆ ಹಾಳಾಗ! ಕೇಕು ತಂದೋಳು ಒಬ್ಬಳು, ಕುರ್ಚಿ ಇನ್ನೊಬ್ಬಳಿಗಾ? ನಾಚಿಕೆ ಆಗಲ್ವಾ ನಿಮಗೆ?" ಅಂತ ಕನ್ನಡದಲ್ಲೇ ಕೂಗಿದೆ. ಎಲ್ಲರೂ ತಿರುಗಿದರು. ಬಿರ್ಗಿಟ್ಟಾ ನಗುನಗುತ್ತಾ ನಸ್ರೀನ್‌ಳನ್ನು ಏನೋ ಕೇಳಿದಳು. ನಸ್ರೀನ್ ಏನೋ ಹೇಳಿದಳು. ಬಿರ್ಗಿಟ್ಟಾ ಎದೆಯ ಮೇಲೆ ಕೈಯಿಟ್ಟು ನನಗೆ ನಮಸ್ಕಾರದ ಹಾಗೆ ಬಾಗಿದಳು.

"ಏನಂದೆ ಅವಳಿಗೆ?"

"ಕೇಕು ತುಂಬಾ ಚೆನ್ನಾಗಿದೆ ಅಂತಿದಾರೆ ಅಂದೆ. ಬೈಬೇಡಿ ಆಂಟಿ. ನಾನೂ ಇಲ್ಲಿ ಕೆಲಸ ಕೇಳಿದೀನಿ. ನೀವು ವಾಪಸ್ ಹೋಗೋರು, ನಾವು ಇಲ್ಲೇ ಇರಬೇಕು."

ಬೈಯಲಿಲ್ಲ. ಬಿಂಟಾ ಮಾತ್ರ ನನ್ನ ಕಡೆ ನೋಡಿದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಾನು ಹೊಗಳಿದ್ದಲ್ಲ ಅಂತ ಗೊತ್ತಾಗಿತ್ತು. ಬಾಗಿಲ ಹತ್ತಿರ ನನ್ನ ಕೈ ಹಿಡಿದು ನಸ್ರೀನ್‌ಳ ಮೂಲಕ ಹೇಳಿದಳು: "ಬಿಟ್ಟು ಹೋದ್ರೆ, ಇವಳಿಗೆ ತಾಳ್ಮೆ ಇಲ್ಲ ಅಂತಾರೆ. ಇದ್ರೆ, ನೋಡಿ ಖುಷಿಯಾಗೇ ಇದಾಳೆ ಅಂತಾರೆ. ಯಾವುದು ಮಾಡ್ಲಿ ಅಮ್ಮ?"

ಅವಳು ಬಿಟ್ಟಳು, ತಕ್ಷಣ ಅಲ್ಲ. ನಾನು ಊರಿಗೆ ಬಂದ ಮೇಲೆ ನಸ್ರೀನ್ ಫೋನಿನಲ್ಲಿ ಹೇಳಿದ್ದು: ಲೀನಾಳಿಗೆ ಎಲ್ಲವನ್ನೂ ಕಲಿಸಿಕೊಟ್ಟು, ಮುಂದಿನ ವರ್ಷದ ಹಣಕ್ಕೆ ಅರ್ಜಿಯನ್ನೂ ತಾನೇ ಬರೆದುಕೊಟ್ಟು, ಬಿಂಟಾ ಸಮುದ್ರದ ಸೇತುವೆಯಾಚೆ, ಪಕ್ಕದ ದೇಶದ ಕೋಪನ್‌ಹೇಗನ್‌ಗೆ ಬೇರೆ ಕೆಲಸಕ್ಕೆ ಹೋದಳಂತೆ. ಅಲ್ಲಿ ಯಾವ ಕುರ್ಚಿ ಕೊಟ್ಟರೋ ಗೊತ್ತಿಲ್ಲ. ನಸ್ರೀನ್‌ಗೆ ಸಂಘದಲ್ಲಿ ಕೆಲಸ ಸಿಕ್ಕಿತು. ಆಮೇಲೆ ಬಿಂಟಾಳ ಸುದ್ದಿ ಯಾರಿಗೂ ಇಲ್ಲ.

ಊರಿಗೆ ಹೊರಡುವ ಮೊದಲು ನಾನು ಅವಳನ್ನು ಕೊನೆಗೆ ಕಂಡದ್ದು ಕೇಕಿನ ಮರುದಿನ ಬೆಳಗ್ಗೆ. ಆವತ್ತು ಶನಿವಾರ, ಹೊಸ ಮುಖ್ಯಸ್ಥೆಯನ್ನು ತೋರಿಸಲು ದೇಣಿಗೆಯವರಿಗೆ ಸಂಘದಲ್ಲಿ ಊಟ. ಅಡುಗೆ ನಮ್ಮದೇ, ಹೆಂಗಸರದು. ಅನ್ನ, ಸಾರು ನಾನು ಮಾಡುತ್ತೇನೆ ಅಂತ ಮೊದಲೇ ಒಪ್ಪಿಕೊಂಡಿದ್ದೆ. ಬೆಳಗ್ಗೆ ಎದ್ದು ಬೇಳೆ ಬೇಯಿಸಿದೆ, ಅನ್ನ ಮಾಡಿದೆ, ಎಲ್ಲವನ್ನೂ ಡಬ್ಬಿಗೆ ಹಾಕಿ ಸೀರೆಯ ಮೇಲೆ ಮಗಳ ದಪ್ಪ ಕೋಟು ಹಾಕಿಕೊಂಡೆ.

"ಅಮ್ಮ, ಅಷ್ಟು ಸ್ವಲ್ಪ ಸಾಕಾಗುತ್ತಾ? ಲಂಚ್‌ಗೆ ತುಂಬಾ ಜನ ಬರ್ತಾರಲ್ವಾ?" ಅಂದಳು ಮಗಳು.

"ಅಲ್ಲಿಗಲ್ಲ" ಅಂದೆ.

"ಮತ್ತೆ ಅವರು ವೇಟ್ ಮಾಡ್ತಿರ್ತಾರಲ್ವಾ?"

"ಮಾಡ್ಲಿ."

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಬೇಯಿಸಿ ಒಯ್ದು ಕೊಡುತ್ತಾರೆ. ನನಗೆ ಗೊತ್ತಿದ್ದದ್ದು ಅದೊಂದೇ. ಕೈಸನ್ನೆಯಲ್ಲೇ ದಾರಿ ಕೇಳಿಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಿಂಟಾಳ ಬೆಲ್ಲು ಒತ್ತಿದೆ. ಅವಳು ರಾತ್ರಿಯ ಬಟ್ಟೆಯಲ್ಲೇ ಬಂದು ಬಾಗಿಲು ತೆಗೆದಳು. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ನಾನು ಒಂದೇ ತಟ್ಟೆಗೆ ಅನ್ನ ಸುರಿದೆ. ಇಬ್ಬರೂ ನೆಲದ ಮೇಲೆ ಕೂತು ಕೈಯಲ್ಲಿ ಕಲಸಿಕೊಂಡು ತಿಂದೆವು. ನಾಲ್ಕು ತುತ್ತು ನುಂಗಿದ ಮೇಲೆ ಅವಳು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಿಟ್ಟಳು. ಹೌದು, ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಹಾಕಿಕೊಂಡು ತಟ್ಟೆ ಖಾಲಿ ಮಾಡಿದೆವು.